ಹೆದರಿಕೆ ಎಂದುಕೊಂಡಿದ್ದೆ: ಒಂದೇ ಮಧ್ಯಾಹ್ನದ ಎರಡು ವಹಿವಾಟುಗಳು

ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಕಂಪನಿ ಯಾವುದೂ ಇಲ್ಲಿ ಬರುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹಣದ ಮೊತ್ತವನ್ನೂ ಹೇಳುವುದಿಲ್ಲ. 2020ರ ಫೆಬ್ರವರಿಯಲ್ಲಿ ಅವರ ಬಳಿ ಇದ್ದ ಒಟ್ಟು ಹೂಡಿಕೆಯನ್ನು 100 ಎಂದು ಹಿಡಿದು, ಉಳಿದೆಲ್ಲವನ್ನೂ ಆ ಲೆಕ್ಕದಲ್ಲೇ ಕೊಟ್ಟಿದ್ದೇನೆ. ನಿರ್ಧಾರಗಳ ಕ್ರಮ ಮತ್ತು ಕಾಲ ಮಾತ್ರ ಇದ್ದಂತೆಯೇ ಇವೆ. ನಾನು ಶುಲ್ಕ ಪಡೆದು ಹೂಡಿಕೆ ಸಲಹೆ ಕೊಡುವವನು. ಈ ಪ್ರಕರಣದಲ್ಲಿ ಮೊದಲ ಆರು ತಿಂಗಳು ತಪ್ಪು ದಾರಿ ಹಿಡಿದವನೂ ನಾನೇ.

ಹಿನ್ನೆಲೆ

ಅವರು ಸಂಖ್ಯಾಶಾಸ್ತ್ರದ ಉಪನ್ಯಾಸಕಿ. ನನ್ನ ಬಳಿ ಬಂದಾಗ ವಯಸ್ಸು ನಲವತ್ತಾರು. ತರಗತಿಯಲ್ಲಿ ಸಂಭವನೀಯತೆ ಕಲಿಸುತ್ತಾರೆ. ನಿರೀಕ್ಷಿತ ಮೌಲ್ಯ (ಸಿಗಬಹುದಾದ ಒಂದೊಂದು ಮೊತ್ತವನ್ನೂ ಅದರ ಸಂಭವನೀಯತೆಯಿಂದ ಗುಣಿಸಿ ಕೂಡಿದ್ದು) ಎಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನುಷ್ಯರು ಹಣದ ವಿಷಯದಲ್ಲಿ ಎಡವುವ ಬಗೆಗಳ ಕುರಿತು ಬೇಕಾದಷ್ಟು ಓದಿಕೊಂಡಿದ್ದರು. ನಮ್ಮ ಮೊದಲ ಭೇಟಿಯಲ್ಲೇ ಇಂಥ ಎಡವಟ್ಟುಗಳನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ ಅವರ ಹೆಸರುಗಳನ್ನು ನನಗಿಂತ ಮೊದಲು ಎತ್ತಿದವರು ಅವರೇ.

2014ರಿಂದ ಉಳಿತಾಯವನ್ನು ಷೇರು ಮಾರುಕಟ್ಟೆಗೆ ಹಾಕುತ್ತ ಬಂದಿದ್ದರು. 2020ರ ಫೆಬ್ರವರಿ ಹೊತ್ತಿಗೆ ಆ ನೂರರಲ್ಲಿ 60 ಒಂದು ಸೂಚ್ಯಂಕ ಫಂಡ್‌ನಲ್ಲಿತ್ತು, ಅಂದರೆ ಮಾರುಕಟ್ಟೆಯ ಸೂಚ್ಯಂಕದಲ್ಲಿರುವ ಕಂಪನಿಗಳ ಷೇರುಗಳನ್ನೆಲ್ಲ ಕೊಂಡಿಟ್ಟುಕೊಳ್ಳುವ ಫಂಡ್‌ನಲ್ಲಿ. ಅದಕ್ಕೆ ಅವರು ಹಾಕಿದ್ದ ಅಸಲು 41. ಬ್ಯಾಂಕ್ ಠೇವಣಿಯಲ್ಲಿ 22. ಉಳಿದ 18 ನಾಲ್ಕು ಕಂಪನಿಗಳ ಷೇರುಗಳಲ್ಲಿತ್ತು. ಆ ನಾಲ್ಕರಲ್ಲಿ ಒಂದು ಕಂಪನಿಯದೇ 11. ಅದಕ್ಕೆ ಕೊಟ್ಟಿದ್ದು 25. ಅಂದರೆ ಅರ್ಧಕ್ಕಿಂತ ಹೆಚ್ಚು ಕರಗಿಹೋಗಿತ್ತು. ಆ ಷೇರಿನ ಬಗ್ಗೆ ಮೊದಲ ಭೇಟಿಯಲ್ಲಿ ಅವರು ಆಡಿದ್ದು ಒಂದೇ ಮಾತು: “ಅದು ಇರಲಿ ಬಿಡಿ ಸರ್, ಅದು ಬೇರೆ ಲೆಕ್ಕ.” ನಾನೂ ಬಿಟ್ಟೆ. ಅಲ್ಲಿ ಬಿಡಬಾರದಿತ್ತು.

ಮಾರಾಟ

2020ರ ಫೆಬ್ರವರಿ 19ರಂದು ಶಿಖರದಲ್ಲಿದ್ದ, ಅಮೆರಿಕದ ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ತೋರಿಸುವ ಎಸ್ ಆಂಡ್ ಪಿ 500 ಸೂಚ್ಯಂಕ ಮಾರ್ಚ್ 23ರ ಹೊತ್ತಿಗೆ ಶೇ 34ರಷ್ಟು ಬಿತ್ತು. ಮಾರ್ಚ್ 16ರ ಒಂದೇ ದಿನ ಶೇ 12ರಷ್ಟು ಇಳಿಯಿತು. ಜಗತ್ತಿನ ಬೇರೆ ಮಾರುಕಟ್ಟೆಗಳೂ ಜೊತೆಗೇ ಕುಸಿದವು. ಉಪನ್ಯಾಸಕಿಯವರ ಫಂಡ್ ಹಿಂಬಾಲಿಸುತ್ತಿದ್ದ ಸೂಚ್ಯಂಕವೂ ಹೆಚ್ಚುಕಡಿಮೆ ಅದೇ ಹಾದಿಯಲ್ಲಿತ್ತು. ಮಾರ್ಚ್ ಮೂರನೆಯ ವಾರದ ಒಂದು ಮಧ್ಯಾಹ್ನ, 60 ಇದ್ದುದು 43ಕ್ಕೆ ಇಳಿದಾಗ, ಅವರು ಫಂಡನ್ನು ಪೂರ್ತಿ ಮಾರಿದರು.

ಮುಂದಿನ ವಾರ ಮಾರುಕಟ್ಟೆ ಇನ್ನೂ ಇಳಿಯಿತು. ಮಾರದಿದ್ದರೆ 43 ಇದ್ದುದು 40ರ ಆಸುಪಾಸಿಗೆ ಬರುತ್ತಿತ್ತು. ಆ ಕೆಲವು ದಿನ ಅವರಿಗೆ ತಾವು ಗೆದ್ದೆವೆಂಬ ಭಾವ. ಅದು ದೊಡ್ಡ ಗೆಲುವಲ್ಲ, ಆದರೆ ನಿರೀಕ್ಷೆಗಿಂತ ಹೆಚ್ಚಿನ ಗೆಲುವು. ಕೋತಿಗಳ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಬಿಡುವ ಕೋಶಗಳ ಮೇಲೆ ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಜ್ ನಡೆಸಿದ ಅಧ್ಯಯನಗಳಲ್ಲಿ ಕಂಡದ್ದು ಇದೇ. ಆ ಕೋಶಗಳು ಬಹುಮಾನದ ಗಾತ್ರಕ್ಕೆ ಮಾತ್ರ ಮಿಡಿಯುವುದಿಲ್ಲ; ಎಣಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರಕ್ಕೆ ಮಿಡಿಯುತ್ತವೆ. ‘ಮಾರಿ ಹೊರಗಿದ್ದರೆ ಒಳ್ಳೆಯದು’ ಎಂಬ ಪಾಠವನ್ನು ಆ ಒಂದು ವಾರ ಅವರಿಗೆ ಚೆನ್ನಾಗಿ ಕಲಿಸಿಬಿಟ್ಟಿತು ಎಂದು ನನಗೆ ಅನಿಸುತ್ತದೆ. ಅನಿಸುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ. ಅವರ ತಲೆಯೊಳಗೆ ಇಣುಕಿದವರು ಯಾರೂ ಇಲ್ಲ.

ಆಮೇಲೆ ಮಾರುಕಟ್ಟೆ ತಿರುಗಿತು. ಏಪ್ರಿಲ್ ಮಧ್ಯದ ಹೊತ್ತಿಗೆ ಅವರು ಮಾರಿದ ಯೂನಿಟ್‌ಗಳ (ಫಂಡಿನ ಪಾಲುಗಳ) ಬೆಲೆ 50 ಆಗಿತ್ತು. ಆಗಸ್ಟ್ 18ರಂದು ಎಸ್ ಆಂಡ್ ಪಿ ಫೆಬ್ರವರಿಯ ಶಿಖರವನ್ನೇ ದಾಟಿತು. ಅವರ ಹಣ ಮಾತ್ರ ಉಳಿತಾಯ ಖಾತೆಯಲ್ಲೇ ಇತ್ತು. 2021ರ ಜನವರಿಯಲ್ಲಿ ನನ್ನ ಬಳಿ ಬಂದಾಗ ಅದೇ ಯೂನಿಟ್‌ಗಳ ಬೆಲೆ 66ಕ್ಕೆ ಏರಿತ್ತು, ಕೈಯಲ್ಲಿದ್ದದ್ದು 43.

ಇಲ್ಲಿ ಲೆಕ್ಕವನ್ನು ಬಿಡಿಸಿ ನೋಡಬೇಕು. ಮಾರಿದ ಒಂದು ತಿಂಗಳಿಗೆ ಮತ್ತೆ ಕೊಂಡಿದ್ದರೆ, ಮಾರಿದ ಪ್ರತಿ 100 ಯೂನಿಟ್‌ಗೆ ಬದಲಾಗಿ 86 ಸಿಗುತ್ತಿತ್ತು. ನೋವಾಗುವ ನಷ್ಟ, ಆದರೆ ಬದುಕು ಕೆಡಿಸುವಂಥದ್ದಲ್ಲ. ಹತ್ತು ತಿಂಗಳ ನಂತರ ಕೊಂಡರೆ ಸಿಗುವುದು 65. ಅಂದರೆ ದೊಡ್ಡ ಪೆಟ್ಟು ಕೊಟ್ಟಿದ್ದು ಮಾರಾಟವಲ್ಲ, ಮಾರಿದ ನಂತರದ ಕಾಯುವಿಕೆ. ಆದರೂ ಅವರು ನನಗೆ ಹೇಳಿದ ಕಥೆಯಲ್ಲಿ ಇದ್ದದ್ದು ಆ ಒಂದು ಮಧ್ಯಾಹ್ನ ಮಾತ್ರ. “ಹೆದರಿಬಿಟ್ಟೆ ಸರ್. ಎಲ್ಲ ಗೊತ್ತಿದ್ದೂ ಹೆದರಿಬಿಟ್ಟೆ.” ಉಳಿದ ಹತ್ತು ತಿಂಗಳಲ್ಲಿ ಹೇಳಿಕೊಳ್ಳುವಂಥ ಘಟನೆಯೇ ನಡೆದಿರಲಿಲ್ಲ. ಏನೂ ಮಾಡದಿರುವುದು ನೆನಪಿನಲ್ಲಿ ಘಟನೆಯಾಗಿ ಉಳಿಯುವುದಿಲ್ಲ.

ಮೊದಲ ಚಿಕಿತ್ಸೆ

ಅವರು ಕೊಟ್ಟ ರೋಗನಿರ್ಣಯವನ್ನು ನಾನು ಹಾಗೆಯೇ ಒಪ್ಪಿಕೊಂಡೆ. ಭಯವೆಂದ ಮೇಲೆ ಭಯಕ್ಕೆ ಮದ್ದು. ನನ್ನ ಬಳಿ ಅದಕ್ಕೆ ತಕ್ಕ ಸರಂಜಾಮು ಸಿದ್ಧವಾಗಿತ್ತು, ಅದನ್ನು ಹರಡಿಕೊಂಡು ಕೂರುವುದು ನನಗೆ ಇಷ್ಟವೂ ಹೌದು.

ಶಿವ್, ಲೋವೆನ್‌ಸ್ಟೈನ್, ಬೆಚಾರ, ಡಮಾಸಿಯೊ ಮೊದಲಾದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಅವರಿಗೆ ಹೇಳಿದೆ. ಇಪ್ಪತ್ತು ಸುತ್ತಿನ ಆಟ. ಪ್ರತಿ ಸುತ್ತಿನಲ್ಲಿ ಒಂದು ಡಾಲರ್ ಪಣ ಒಡ್ಡಬಹುದು, ಇಲ್ಲವೇ ಇಟ್ಟುಕೊಳ್ಳಬಹುದು. ನಾಣ್ಯ ಚಿಮ್ಮಿದಾಗ ಸೋತರೆ ಆ ಡಾಲರ್ ಹೋಯಿತು, ಗೆದ್ದರೆ ಎರಡೂವರೆ ಡಾಲರ್. ಪ್ರತಿ ಸುತ್ತಿನಲ್ಲೂ ಆಡುವುದೇ ಲಾಭ. ಭಾವನೆಗೆ ಸಂಬಂಧಿಸಿದ ಮಿದುಳಿನ ಭಾಗಗಳಿಗೆ ಪೆಟ್ಟಾಗಿದ್ದ ರೋಗಿಗಳು ಶೇ 83.7ರಷ್ಟು ಸುತ್ತುಗಳಲ್ಲಿ ಹಣ ಹೂಡಿದರು. ಆರೋಗ್ಯವಂತರು ಹೂಡಿದ್ದು ಶೇ 57.6ರಷ್ಟು ಸುತ್ತುಗಳಲ್ಲಿ ಮಾತ್ರ. ಒಮ್ಮೆ ಸೋತ ಕೂಡಲೇ ಆರೋಗ್ಯವಂತರು ಹಿಂಜರಿಯುತ್ತಿದ್ದರು. ಕೊನೆಯಲ್ಲಿ ಹೆಚ್ಚು ಹಣ ಎಣಿಸಿಕೊಂಡವರು ರೋಗಿಗಳು.

ಈ ಕಥೆ ಅವರಿಗೆ ಬಹಳ ಹಿಡಿಸಿತು. ಹಿಡಿಸದೆ ಏನು? ತಪ್ಪೆಲ್ಲ ಅಮಿಗ್ಡಲ ಎಂಬ, ಭಯಕ್ಕೆ ಸಂಬಂಧಿಸಿದ ಮಿದುಳಿನ ಭಾಗದ ತಲೆಯ ಮೇಲೆ ಹೋಗುತ್ತದೆ. ಬಾದಾಮಿ ಗಾತ್ರದ ಒಂದು ಅಂಗ ಹೊಣೆ ಹೊತ್ತುಕೊಂಡರೆ ಅದರ ಒಡೆಯರು ಹಗುರಾಗುತ್ತಾರೆ.

ನಾವು ಮಾಡಿದ್ದು ಇಷ್ಟು. ಫಂಡಿನ ಬೆಲೆ ತೋರಿಸುವ ಆ್ಯಪನ್ನು ಮೊಬೈಲಿನಿಂದ ತೆಗೆಸಿದೆ. ಮೂರು ತಿಂಗಳಿಗೆ ಒಮ್ಮೆ ಮಾತ್ರ ಮಾರುಕಟ್ಟೆ ನೋಡುವುದು ಎಂದು ಗೊತ್ತುಮಾಡಿದೆವು. ಇದಕ್ಕೆ ಗಟ್ಟಿ ಆಧಾರವಿದೆ. ನಷ್ಟದ ನೋವು ಅಷ್ಟೇ ಲಾಭದ ಖುಷಿಗಿಂತ ಸುಮಾರು ಎರಡು ಪಟ್ಟು ತೂಗುವುದಾದರೆ, ಹೆಚ್ಚು ಸಲ ನೋಡಿದಷ್ಟೂ ಹೆಚ್ಚು ಸಲ ನಷ್ಟ ಕಣ್ಣಿಗೆ ಬೀಳುತ್ತದೆ, ಷೇರು ಅಷ್ಟಷ್ಟು ಅಸಹನೀಯವಾಗುತ್ತದೆ ಎಂದು ಅರ್ಥಶಾಸ್ತ್ರಜ್ಞರಾದ ಬೆನಾರ್ಟ್ಸಿ ಮತ್ತು ಥೇಲರ್ 1995ರಲ್ಲಿ ತೋರಿಸಿದ್ದರು. ದಿನಕ್ಕೊಮ್ಮೆ ನೋಡುವವರಿಗೆ ಮಾರುಕಟ್ಟೆ ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆ; ವರ್ಷಕ್ಕೊಮ್ಮೆ ನೋಡುವವರಿಗೆ ಬೇರೆಯೇ ಚಿತ್ರ. ಜೊತೆಗೆ ಉಸಿರಾಟದ ಅಭ್ಯಾಸ, ಸುದ್ದಿವಾಹಿನಿಗೆ ವಿರಾಮ.

ಅವರು ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದರು. ನಿದ್ದೆ ಚೆನ್ನಾಗಿ ಬರುತ್ತಿದೆ ಎಂದರು. ಭಯ ಹೋಗಿದೆ ಎಂದರು. ಜುಲೈವರೆಗೆ 43 ಮಾತ್ರ ಕದಲಲಿಲ್ಲ. ಮೊದಲು ಆತಂಕದಿಂದ ಏನೂ ಮಾಡದಿದ್ದವರು ಈಗ ನೆಮ್ಮದಿಯಿಂದ ಏನೂ ಮಾಡುತ್ತಿರಲಿಲ್ಲ. ಅಷ್ಟರಲ್ಲಿ ಆ ಯೂನಿಟ್‌ಗಳ ಬೆಲೆ 66ರಿಂದ 77ಕ್ಕೆ ಏರಿತ್ತು. ನನ್ನ ತಪ್ಪು ರೋಗನಿರ್ಣಯಕ್ಕೂ ಒಂದು ಬೆಲೆ ಇತ್ತು. ತೆತ್ತವರು ಅವರು.

ಆ ಮಧ್ಯಾಹ್ನದ ದಾಖಲೆ

ಜುಲೈ ಭೇಟಿಗೆ ಮೊದಲು, ಮಾಡಲು ಬೇರೇನೂ ತೋಚದೆ, 2020ರ ಮಾರ್ಚ್ ತಿಂಗಳ ವಹಿವಾಟಿನ ಪೂರ್ತಿ ಪಟ್ಟಿಯನ್ನು ತರಿಸಿಕೊಂಡೆ. ಅವರು ಹೇಳಿದ ಮಾರಾಟ ಅಲ್ಲಿತ್ತು. ಅದರ ಕೆಳಗೆ, ಅದೇ ದಿನಾಂಕದಲ್ಲಿ, ನಲವತ್ತು ನಿಮಿಷದ ನಂತರ ಇನ್ನೊಂದು ಸಾಲು. ಒಂದು ಖರೀದಿ. ಠೇವಣಿಯಿಂದ 2 ತೆಗೆದು, ಆ ನಷ್ಟದ ಕಂಪನಿಯ ಷೇರನ್ನೇ ಮತ್ತೆ ಕೊಂಡಿದ್ದರು.

ಆ ಸಾಲನ್ನು ನಾನು ಎರಡು ಮೂರು ಸಲ ಓದಿದೆ. ಹೆದರಿದವರು ಹೀಗೆ ಮಾಡುವುದಿಲ್ಲ. ಹೆದರಿದವರು ಎಲ್ಲವನ್ನೂ ಬಿಟ್ಟು ಓಡುತ್ತಾರೆ, ಇಲ್ಲವೇ ಮೊದಲು ಅತಿ ಅಪಾಯದ್ದನ್ನು ಬಿಡುತ್ತಾರೆ. ಇವರು ನೂರಾರು ಕಂಪನಿಗಳಲ್ಲಿ ಹರಡಿಕೊಂಡಿದ್ದ ಫಂಡನ್ನು ಬಿಟ್ಟು, ಅರ್ಧಕ್ಕರ್ಧ ಮುಳುಗಿದ ಒಂದೇ ಕಂಪನಿಗೆ ಇನ್ನಷ್ಟು ಹಣ ಹಾಕಿದ್ದರು. ಅದೇ ಮನುಷ್ಯರು, ಅದೇ ಮಿದುಳು, ನಲವತ್ತು ನಿಮಿಷದ ಅಂತರ.

ಆಮೇಲೆ ಅಂಕಿಗಳು ತಾವಾಗಿಯೇ ಮಾತಾಡಿದವು. ಫಂಡಿನ ಅಸಲು 41. ಮಾರಿದ್ದು 43ರಲ್ಲಿ. ಲಾಭ ಪೂರ್ತಿ ಅಳಿಯಲು ಇನ್ನೆರಡೇ ಮೆಟ್ಟಿಲು ಇದ್ದಾಗ. ಶೇ 10 ಬಿದ್ದಾಗ ಮಾರಲಿಲ್ಲ, ಶೇ 20 ಬಿದ್ದಾಗಲೂ ಇಲ್ಲ. ಸೂಚ್ಯಂಕ ಎಷ್ಟು ಬಿತ್ತು ಎಂಬುದಕ್ಕಿಂತ, ತಾವು ಕೊಟ್ಟ ಬೆಲೆಗೆ ಎಷ್ಟು ಹತ್ತಿರ ಬಂತು ಎಂಬುದೇ ಅವರನ್ನು ಎಬ್ಬಿಸಿತ್ತು. ಇನ್ನೊಂದು ಷೇರು ಆ ಗೆರೆಯ ಕೆಳಗೆ ಬಿದ್ದು ವರ್ಷಗಳೇ ಆಗಿದ್ದವು. ಅಲ್ಲಿ ಅವರು ಧೈರ್ಯವಂತೆ.

1979ರಲ್ಲಿ ಕಾನೆಮನ್ ಮತ್ತು ಟ್ವೆರ್ಸ್ಕಿ ಕೇಳಿದ ಎರಡು ಪ್ರಶ್ನೆಗಳನ್ನು ಅವರು ತರಗತಿಯಲ್ಲೇ ಬಳಸುತ್ತಿದ್ದರು. ಖಚಿತವಾಗಿ 3,000 ಬೇಕೋ, ಶೇ 80ರ ಸಂಭವನೀಯತೆಯಲ್ಲಿ 4,000 ಬೇಕೋ? ಶೇ 80ರಷ್ಟು ಮಂದಿ ಖಚಿತವಾದುದನ್ನು ಆರಿಸಿದರು, ಜೂಜಿನ ನಿರೀಕ್ಷಿತ ಮೌಲ್ಯ 3,200 ಆಗಿದ್ದರೂ. ಅದೇ ಅಂಕಿಗಳನ್ನು ನಷ್ಟವಾಗಿ ತಿರುಗಿಸಿ ಕೇಳಿದಾಗ ಶೇ 92ರಷ್ಟು ಮಂದಿ ಜೂಜನ್ನೇ ಆರಿಸಿದರು. ಲಾಭದಲ್ಲಿ ಇರುವಾಗ ಜೋಪಾನ, ನಷ್ಟದಲ್ಲಿ ಇರುವಾಗ ಜೂಜು. ಆ ಮಧ್ಯಾಹ್ನ ಅವರು ಎರಡೂ ಪ್ರಶ್ನೆಗಳಿಗೆ ತಮ್ಮ ಸ್ವಂತ ಹಣದಲ್ಲಿ ಉತ್ತರ ಬರೆದಿದ್ದರು, ಒಂದರ ಕೆಳಗೊಂದು. ಪಟ್ಟಿಯನ್ನು ಅವರ ಮುಂದೆ ಇಟ್ಟು ಸುಮ್ಮನೆ ಕೂತೆ. ಬಹಳ ಹೊತ್ತು ನೋಡಿ, “ಈ ಖರೀದಿ ನನಗೆ ನೆನಪೇ ಇಲ್ಲ” ಎಂದರು. ಸುಳ್ಳು ಹೇಳುತ್ತಿರಲಿಲ್ಲ.

ಲಾಭದ್ದನ್ನು ಬೇಗ ಮಾರಿ ನಷ್ಟದ್ದನ್ನು ಹಿಡಿದು ಕೂರುವ ಈ ನಡವಳಿಕೆಗೆ ಶೆಫ್ರಿನ್ ಮತ್ತು ಸ್ಟಾಟ್‌ಮನ್ 1985ರಲ್ಲೇ ಡಿಸ್ಪೊಸಿಷನ್ ಎಫೆಕ್ಟ್ ಎಂದು ಹೆಸರಿಟ್ಟಿದ್ದಾರೆ. ಟೆರೆನ್ಸ್ ಓಡಿಯನ್ ಒಂದು ದಲ್ಲಾಳಿ ಸಂಸ್ಥೆಯ 10,000 ಖಾತೆಗಳ 1987ರಿಂದ 1993ರವರೆಗಿನ ದಾಖಲೆಗಳನ್ನು ತೆಗೆದು ನೋಡಿದಾಗ, ಜನ ಲಾಭದಲ್ಲಿದ್ದವುಗಳಲ್ಲಿ ಶೇ 14.8ರಷ್ಟನ್ನು ಮಾರಿದರೆ, ನಷ್ಟದಲ್ಲಿದ್ದವುಗಳಲ್ಲಿ ಮಾರಿದ್ದು ಶೇ 9.8ರಷ್ಟನ್ನು. ಮಾರಿದ ಲಾಭದ ಷೇರುಗಳು ಮುಂದಿನ ವರ್ಷ, ಉಳಿಸಿಕೊಂಡ ನಷ್ಟದ ಷೇರುಗಳಿಗಿಂತ ಸರಾಸರಿ ಶೇ 3.4ರಷ್ಟು ಹೆಚ್ಚು ಗಳಿಸಿದವು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಮಾರದ ನಷ್ಟವೆಂದರೆ ಅದೇ. ಮಾರುವವರೆಗೆ ಮೀಸೆ ಮಣ್ಣಾಗಿಲ್ಲ.

ಮಿದುಳಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ. ‘ಭಯದಲ್ಲಿ ಅಮಿಗ್ಡಲ ಚುರುಕಾಗುತ್ತದೆ, ಇವರು ಹೆದರಿದ್ದರು, ಆದ್ದರಿಂದ ಇದು ಅಮಿಗ್ಡಲದ ಕೆಲಸ’ ಎಂಬ ತರ್ಕ ಕೇಳಲು ಚಂದ. 2007ರಲ್ಲಿ ಟಾಮ್, ಫಾಕ್ಸ್, ಟ್ರೆಪಲ್, ಪೋಲ್ಡ್ರಾಕ್ ಅವರು ಲಾಭ-ನಷ್ಟದ ಪಂದ್ಯಗಳನ್ನು ತೂಗುವವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಸಂಭವನೀಯ ನಷ್ಟ ಹೆಚ್ಚಿದಂತೆ ಭಯದ ಭಾಗಗಳು ಚುರುಕಾಗುವುದರ ಬದಲು ಬಹುಮಾನಕ್ಕೆ ಮಿಡಿಯುವ ಭಾಗಗಳೇ ಮಂಕಾದದ್ದು ಕಂಡಿತು. 2010ರಲ್ಲಿ ಡಿ ಮಾರ್ಟಿನೊ ಮತ್ತು ಸಂಗಡಿಗರು ಅಮಿಗ್ಡಲಕ್ಕೆ ಹಾನಿಯಾಗಿದ್ದ ಇಬ್ಬರಲ್ಲಿ ನಷ್ಟದ ಅಳುಕೇ ಇಲ್ಲದ್ದನ್ನು ಕಂಡರು. ಎರಡೂ ನಿಜ; ಚಿತ್ರ ಸರಳವಾಗಿಲ್ಲ. ಮಿದುಳಿನ ಒಂದೊಂದು ಭಾಗ ಹತ್ತಾರು ಕೆಲಸ ಮಾಡುತ್ತದೆ. ಸ್ಕ್ಯಾನನ್ನೇ ನೋಡದೆ, ನಡವಳಿಕೆಯಿಂದ ಹಿಂದಕ್ಕೆ ನಡೆದು ಅಂಗವನ್ನು ದೂರುವುದು ಸಲಹೆಗಾರನ ಶೋಕಿಯಷ್ಟೇ. ಆ ಶೋಕಿಯಿಂದಾಗಿ ಆರು ತಿಂಗಳು ವಹಿವಾಟಿನ ಪಟ್ಟಿ ಕೇಳಬೇಕೆಂದೇ ನನಗೆ ಹೊಳೆಯಲಿಲ್ಲ.

ಮತ್ತೆ ಕೊಳ್ಳದಿರುವ ಒಗಟೂ ಈಗ ಬಿಡಿಸಿಕೊಂಡಿತು. 43 ಎಂಬುದು ಅವರ ಪಾಲಿಗೆ ಹೊಸ ಗೆರೆಯಾಗಿತ್ತು. 50ಕ್ಕೆ ಕೊಂಡರೆ ಮಾರಿದ್ದು ತಪ್ಪೆಂದು ಒಪ್ಪಿದಂತೆ, 57ಕ್ಕೆ ಕೊಂಡರೆ ಎರಡು ಸಲ ತಪ್ಪಿದಂತೆ. ಬೆಲೆ ಏರಿದಷ್ಟೂ ಒಪ್ಪಿಕೊಳ್ಳಬೇಕಾದ ತಪ್ಪು ದೊಡ್ಡದಾಗುತ್ತ ಹೋಯಿತು. ತಾವು ಮಾರಿದ ಮೇಲೆ ಏರಿದ ಷೇರನ್ನು ಮತ್ತೆ ಕೊಳ್ಳಲು ಹೂಡಿಕೆದಾರರು ಹಿಂಜರಿಯುತ್ತಾರೆ, ಇಳಿದರೆ ಸಂತೋಷದಿಂದ ಕೊಳ್ಳುತ್ತಾರೆ ಎಂದು ಸ್ಟ್ರಾಹಿಲೆವಿಟ್ಜ್, ಓಡಿಯನ್, ಬಾರ್ಬರ್ 2011ರಲ್ಲಿ ತೋರಿಸಿದ್ದಾರೆ. ಇಲ್ಲಿ ಭಯಕ್ಕೆ ಪಾತ್ರವೇ ಇಲ್ಲ. ಉಸಿರಾಟದ ಅಭ್ಯಾಸ ಏನು ಮಾಡೀತು?

ತಮ್ಮ

ನಷ್ಟದ ಷೇರಿನ ಬಗ್ಗೆ ನಾನು ಕೇಳಿದ್ದು ಮಾಮೂಲಿ ಪ್ರಶ್ನೆ. “ಇವತ್ತು ಆ ಮೊತ್ತ ನಗದಾಗಿ ಕೈಯಲ್ಲಿದ್ದರೆ ಈ ಷೇರನ್ನೇ ಕೊಳ್ಳುತ್ತೀರಾ?” ತಡವಿಲ್ಲದೆ “ಇಲ್ಲ” ಎಂದರು. “ಹಾಗಿದ್ದರೆ ಮಾರೋಣವೇ?” ಅದಕ್ಕೂ ತಡವಿಲ್ಲದೆ “ಇಲ್ಲ.” ಎರಡು ಉತ್ತರಗಳೂ ಒಟ್ಟಿಗೆ ನಿಲ್ಲುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಸಿಟ್ಟು ಬಂತು, ನನ್ನ ಮೇಲಲ್ಲ.

ಕಾರಣ ಹೊರಬಿದ್ದದ್ದು ಮುಂದಿನ ಭೇಟಿಯಲ್ಲಿ. ಆ ಷೇರನ್ನು ಅವರು ತಮ್ಮನಿಗೂ ಕೊಡಿಸಿದ್ದರು. ಕಂಪನಿಯ ಲೆಕ್ಕಪತ್ರ ಓದಿ, ಹಾಳೆಯಲ್ಲಿ ಬರೆದು ತೋರಿಸಿ, ಅವನ ಕೈಯಲ್ಲಿ ಕೊಳ್ಳಿಸಿದ್ದರು. ಬೆಲೆ ಬಿದ್ದ ಮೇಲೆ ಇಬ್ಬರೂ ಆ ಮಾತು ಎತ್ತಿರಲಿಲ್ಲ. ತಾನು ಮಾರಿದರೆ ಅವನಿಗೆ ಹೇಳಬೇಕು. ಹೇಳಿದರೆ ಅವನ ನಷ್ಟಕ್ಕೆ ತಾನೇ ಸಹಿ ಹಾಕಿದಂತೆ. ಅವನು ಇಟ್ಟುಕೊಂಡಿರುವಾಗ ಅಕ್ಕ ಹೇಗೆ ಮಾರುವುದು?

ಇದು ಯಾವ ಸ್ಕ್ಯಾನಿನಲ್ಲೂ ಸಿಗುವುದಿಲ್ಲ. ಪ್ರಯೋಗಾಲಯದಲ್ಲಿ ಷೇರು ಹಿಡಿದು ಕೂತವನಿಗೆ ತಮ್ಮ ಇರುವುದಿಲ್ಲ.

ಫೋನ್ ಮಾಡಿ ಎಂದೆ. ಹದಿನೈದು ದಿನ ಮುಂದೂಡಿ ಕೊನೆಗೂ ಮಾಡಿದರು. ಆ ಕಡೆಯಿಂದ ಬಂದ ಉತ್ತರವನ್ನು ಅವರು ನನಗೆ ಹೇಳುವಾಗ ನಗು ತಡೆಯಲಾಗಲಿಲ್ಲ: “ಅಕ್ಕಾ, ನಾನು ಅದನ್ನು ಮೂರು ವರ್ಷದ ಹಿಂದೆಯೇ ಮಾರಿದೆ. ನೀನು ಬೇಜಾರು ಮಾಡಿಕೊಳ್ಳುತ್ತೀಯೆಂದು ಹೇಳಲಿಲ್ಲ.”

ಎರಡನೆಯ ಯೋಜನೆ

ಈ ಸಲ ಭಾವನೆಯನ್ನು ತಣಿಸುವ ಗೋಜಿಗೆ ಹೋಗಲಿಲ್ಲ. ಗೆರೆಗಳನ್ನು ಅಳಿಸಲು ನೋಡಿದೆವು.

ಮೊದಲನೆಯದು, ಕೊಂಡ ಬೆಲೆಯ ಕಾಲಂ. ಅವರ ಹೂಡಿಕೆಯ ಪಟ್ಟಿಯಿಂದ ಅದನ್ನು ತೆಗೆದೆವು. ಇವತ್ತಿನ ಮೌಲ್ಯ ಮತ್ತು ಒಟ್ಟಿನಲ್ಲಿ ಅದರ ಪಾಲು, ಇವೆರಡೇ ಉಳಿದವು. ಕೊಂಡ ಬೆಲೆಯನ್ನು ಕಣ್ಣಿನಿಂದ ದೂರ ಇಟ್ಟರೆ ನಷ್ಟದ ಷೇರಿಗೆ ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ ಎಂದು ಫ್ರೈಡ್‌ಮನ್ ಮತ್ತು ರಂಗೆಲ್ ಅವರ 2014ರ ಪ್ರಯೋಗ ಹೇಳುತ್ತದೆ. ತೆರಿಗೆ ಲೆಕ್ಕಕ್ಕೆ ಆ ಬೆಲೆ ಬೇಕಾಗುತ್ತದೆ. ಅದನ್ನು ಬೇರೆ ಕಡತದಲ್ಲಿ ಅವರ ಗಂಡ ಇಟ್ಟುಕೊಂಡರು.

ಎರಡನೆಯದು, ಆ 43ನ್ನು ಹನ್ನೆರಡು ಸಮ ಕಂತುಗಳಲ್ಲಿ, ತಿಂಗಳ ನಿಗದಿತ ದಿನ, ತಾನಾಗಿಯೇ ಫಂಡಿಗೆ ಹೋಗುವಂತೆ ಮಾಡುವುದು. ಅವರು ಕೂಡಲೇ ಆಕ್ಷೇಪಿಸಿದರು. ಮಾರುಕಟ್ಟೆ ದೀರ್ಘಕಾಲದಲ್ಲಿ ಏರುವುದೇ ಹೆಚ್ಚಾದರೆ, ಒಂದೇ ಬಾರಿಗೆ ಹಾಕುವುದೇ ಬಹುಪಾಲು ಸಂದರ್ಭಗಳಲ್ಲಿ ಲಾಭ. ಕಂತು ಎಂಬುದು ಲೆಕ್ಕಕ್ಕೆ ನಿಲ್ಲುವುದಿಲ್ಲ ಎಂದರು. ಅವರ ಮಾತು ಸರಿ.

“ಹಾಗಾದರೆ ನಾಳೆ ಒಂದೇ ಸಲ ಹಾಕುತ್ತೀರಾ ಮೇಡಂ?”

ಉತ್ತರ ಬರಲಿಲ್ಲ. ಲೆಕ್ಕಕ್ಕೆ ಎರಡನೆಯ ಸ್ಥಾನದ ದಾರಿಯನ್ನೇ ಹಿಡಿದೆವು. ನಡೆಯುವ ಕಾಲು ಇರುವುದು ಆ ದಾರಿಗೆ ಮಾತ್ರ ಎಂಬ ಕಾರಣಕ್ಕೆ. ಹನ್ನೆರಡು ಕಂತಾದರೆ ಹನ್ನೆರಡು ಬೆಲೆಗಳು. ಯಾವ ಒಂದು ಬೆಲೆಯೂ ‘ನಾನು ಕೊಂಡ ಬೆಲೆ’ ಎಂದು ಮೆರೆಯುವುದಿಲ್ಲ ಎಂಬುದು ನನ್ನ ಎಣಿಕೆ. ಆ ಎಣಿಕೆ ಎಷ್ಟು ಹಗುರವಾಗಿತ್ತು ಎಂಬುದು ಆಮೇಲೆ ಗೊತ್ತಾಯಿತು.

ಮೂರನೆಯದು ಒಂದು ಕಟ್ಟಳೆ. ಕಂತು ನಿಲ್ಲಿಸುವುದಿರಲಿ, ಏನನ್ನಾದರೂ ಮಾರುವುದಿರಲಿ, ಏಳು ದಿನ ಮೊದಲು ಕಾರಣವನ್ನು ಕೈಯಲ್ಲಿ ಬರೆದು ಗಂಡನಿಗೆ ಓದಿ ಹೇಳಬೇಕು. ಅವರ ಒಪ್ಪಿಗೆ ಬೇಕಿಲ್ಲ, ಓದಿದರೆ ಸಾಕು.

ನಷ್ಟದ ಷೇರನ್ನು ಆಗಸ್ಟ್‌ನಲ್ಲಿ ಅರ್ಧ, ನವೆಂಬರ್‌ನಲ್ಲಿ ಉಳಿದರ್ಧ ಮಾರುವುದೆಂದು ಬರೆದಿಟ್ಟೆವು. ಮೊದಲರ್ಧ ಮಾರಿದ ಮೂರು ವಾರದಲ್ಲಿ ಅದರ ಬೆಲೆ ಶೇ 15ರಷ್ಟು ಏರಿತು. ಆ ದಿನ ಬಂದ ಫೋನ್ ಕರೆ ನನ್ನ ವೃತ್ತಿಯ ಹಿತವಾದ ಕರೆಗಳಲ್ಲಿ ಒಂದಲ್ಲ. ನವೆಂಬರ್‌ನಲ್ಲಿ ಉಳಿದರ್ಧವೂ ಬರೆದಂತೆಯೇ ಹೋಯಿತು. ಆ ಷೇರು ಆಮೇಲೆ ಏನಾಯಿತು ಎಂಬುದನ್ನು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಓದುವವರು ನಿರ್ಧಾರವನ್ನು ಅದರಿಂದಲೇ ಅಳೆಯುತ್ತಾರೆ, ನಾನೂ ಅಳೆಯುತ್ತೇನೆ.

2022

2022ರ ಜನವರಿ ಮೊದಲ ವಾರದಿಂದ ಅಕ್ಟೋಬರ್ ಮಧ್ಯದವರೆಗೆ ಎಸ್ ಆಂಡ್ ಪಿ 500 ಸುಮಾರು ಶೇ 25ರಷ್ಟು ಇಳಿಯಿತು. ಅವರ ಕೊನೆಯ ಕಂತುಗಳು ಬೀಳುವ ಮಾರುಕಟ್ಟೆಗೇ ಹೋಗಬೇಕಾಗಿತ್ತು. ಮೇ ತಿಂಗಳ ಕೊನೆಗೆ, ಜೂನ್ ಕಂತನ್ನು ತಡೆಯಬೇಕೆಂದು ಕಾರಣ ಬರೆದರು. ಐದು ಸಾಲು. ಗಂಡನಿಗೆ ಓದುವಾಗ ‘ಸದ್ಯಕ್ಕೆ’ ಎಂಬ ಪದ ಮೂರು ಸಲ ಬಂದದ್ದು ಅವರ ಕಿವಿಗೇ ಬಿತ್ತು. ಆದರೂ ತಡೆದರು. ಕಟ್ಟಳೆ ಅವರನ್ನು ನಿಲ್ಲಿಸಲಿಲ್ಲ; ಕಂತು ಮೂರು ತಿಂಗಳು ತಡವಾಯಿತು. ಸೆಪ್ಟೆಂಬರ್‌ನಲ್ಲಿ ಆ ಕಂತು ಜೂನ್‌ಗಿಂತ ಹೆಚ್ಚು ವ್ಯತ್ಯಾಸವಿಲ್ಲದ ಬೆಲೆಗೆ ಹೋಯಿತು. ಫಂಡನ್ನು ಮಾತ್ರ ಅವರು ಮಾರಲಿಲ್ಲ. ಒಂದು ಯೂನಿಟನ್ನೂ.

ಅಕ್ಟೋಬರ್‌ನಲ್ಲಿ ನಾನು ಬೀಗುತ್ತಿದ್ದೆ. 2020ರಲ್ಲಿ ಶೇ 28 ಬಿದ್ದಾಗ ಓಡಿದವರು 2022ರಲ್ಲಿ ಶೇ 25 ಬಿದ್ದರೂ ಕದಲಲಿಲ್ಲ, ನೋಡಿ ನಮ್ಮ ಉಪಾಯದ ಫಲ! ಬೀಗಿದ್ದನ್ನು ಇಳಿಸಿದವರು ಅವರೇ. “ಸರ್, ಈಗ ನಾನು ನಷ್ಟದಲ್ಲಿದ್ದೇನೆ. ನಷ್ಟದಲ್ಲಿರುವುದನ್ನು ನಾನು ಯಾವತ್ತೂ ಮಾರುವುದಿಲ್ಲ ಎಂದು ನೀವೇ ತೋರಿಸಿಕೊಟ್ಟಿರಲ್ಲ.”

ನಿಜ. ಬಹುಪಾಲು ಕಂತುಗಳು ಎತ್ತರದ ಬೆಲೆಗೆ ಹೋಗಿದ್ದವು, ಫಂಡ್ ಅಸಲಿಗಿಂತ ಕೆಳಗಿತ್ತು. ಅವರು ಮಾರದಿದ್ದುದು ಹೊಸ ಕಟ್ಟಳೆಯ ಬಲವೋ, ಹಳೆಯ ಚಾಳಿಯೋ? ಈ ಒಂದು ಘಟನೆಯಿಂದ ಬೇರ್ಪಡಿಸಲು ಸಾಧ್ಯವೇ ಇಲ್ಲ. ಹೊರಗಿನಿಂದ ನೋಡಿದರೆ ತಾಳ್ಮೆಯೂ ಅಂಟಿಕೊಳ್ಳುವಿಕೆಯೂ ಒಂದೇ ಥರ ಕಾಣುತ್ತವೆ. ಎಷ್ಟೋ ‘ಶಿಸ್ತಿನ ದೀರ್ಘಾವಧಿ ಹೂಡಿಕೆದಾರ’ರನ್ನು ನಾನು ಹೊಗಳಿದ್ದುಂಟು, ಅವರಲ್ಲಿ ಎಷ್ಟು ಮಂದಿ ನಷ್ಟವನ್ನು ಒಪ್ಪಲಾಗದೆ ಕೂತವರೋ ಈಗ ಅನುಮಾನ ಬರುತ್ತದೆ.

ಈ ಪ್ರಕರಣದ ನಂತರ ನನ್ನ ಕೆಲಸದಲ್ಲಿ ಒಂದೆರಡು ಬದಲಾವಣೆ ಆಗಿವೆ. ಯಾರಾದರೂ ‘ಹೆದರಿ ಮಾರಿದೆ’, ‘ಆಸೆಗೆ ಬಿದ್ದು ಕೊಂಡೆ’ ಎಂದರೆ ಆ ವಿವರಣೆಯನ್ನು ಪಕ್ಕಕ್ಕಿಟ್ಟು, ಆ ದಿನದ ಪೂರ್ತಿ ಪಟ್ಟಿ ಕೇಳುತ್ತೇನೆ. ಅದರಲ್ಲೂ, ಮಾಡಿದ್ದರ ಜೊತೆಗೆ ಮಾಡಬಹುದಾಗಿದ್ದು ಮಾಡದೇ ಬಿಟ್ಟದ್ದನ್ನು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ, ನಡೆದುಹೋದದ್ದಕ್ಕೆ ಮನಸ್ಸು ಕಟ್ಟುವ ಕಥೆ ಸಾಮಾನ್ಯವಾಗಿ ಒಂದೇ ಭಾವನೆಯ ಕಥೆ. ಪಟ್ಟಿಯಲ್ಲಿ ಎರಡು ಸಾಲು ಇರಬಹುದು, ಅವು ಪರಸ್ಪರ ಜಗಳವಾಡುತ್ತಿರಬಹುದು. ಇನ್ನೊಂದು: ಆ ಷೇರಿನ ವಿಷಯ ಮನೆಯಲ್ಲಿ ಯಾರಿಗೆ ಗೊತ್ತಿದೆ, ಯಾರಿಗೆ ಗೊತ್ತಿಲ್ಲ ಎಂದು ಮೊದಲ ಭೇಟಿಯಲ್ಲೇ ಕೇಳುತ್ತೇನೆ. ಮಿದುಳಿನ ಚಿತ್ರಗಳನ್ನು ತೋರಿಸುವುದನ್ನು ನಿಲ್ಲಿಸಿಲ್ಲ, ಆದರೆ ಕೊನೆಗೆ ತೋರಿಸುತ್ತೇನೆ.

ಅಸಲು

ನಿಜವಾದ ಪರೀಕ್ಷೆ ಬಂದದ್ದು 2023ರ ಜೂನ್‌ನಲ್ಲಿ. ಮಾರುಕಟ್ಟೆ ಏರಿ, ಅವರ ಫಂಡಿನ ಮೌಲ್ಯ ಹಾಕಿದ ಹಣಕ್ಕೆ ಸರಿಸಮ ಬಂದು ನಿಂತಿತು. ಗೆರೆಯ ಮೇಲೆ. ಒಂದು ಬೆಳಿಗ್ಗೆ ಸಂದೇಶ ಬಂತು: “ಅಸಲು ಬಂದಿದೆ. ತೆಗೆದುಬಿಡಲೇ?”

ಕೊಂಡ ಬೆಲೆಯ ಕಾಲಂ ಅಳಿಸಿದ್ದೆವಲ್ಲ, ಹೇಗೆ ಗೊತ್ತಾಯಿತು ಎಂದು ಕೇಳಿದೆ. ಹನ್ನೆರಡೂ ಕಂತಿನ ಬೆಲೆ ನೆನಪಿದೆ, ಸರಾಸರಿ ತೆಗೆಯುವುದು ಅವರ ವೃತ್ತಿ ಎಂಬ ಉತ್ತರ ಬಂತು. ಯಾವ ಒಂದು ಬೆಲೆಯೂ ಮೆರೆಯುವುದಿಲ್ಲ ಎಂದು ನಾನು ಎಣಿಸಿದ್ದು ಇದನ್ನೇ. ಹನ್ನೆರಡನ್ನೂ ಕೂಡಿಸಿ ಭಾಗಿಸಿ, ಮೆರೆಯುವ ಒಂದು ಬೆಲೆಯನ್ನು ಅವರೇ ತಯಾರಿಸಿಕೊಂಡಿದ್ದರು.

ಕಟ್ಟಳೆಯಂತೆ ಕಾರಣ ಬರೆದರು. ಈ ಸಲ ಒಂದೇ ಸಾಲು: ಅಸಲು ಬಂದಿದೆ. ಗಂಡ ಪೂರ್ತಿ ಕೇಳಿಸಿಕೊಂಡು, “ನಿನ್ನ ಅಸಲು ಬಂದಿದೆಯೆಂದು ಮಾರುಕಟ್ಟೆಗೆ ಗೊತ್ತಿದೆಯೇ?” ಎಂದರಂತೆ. ಅವರು ಆ ದಿನ ಗಂಡನ ಜೊತೆ ಮತ್ತೆ ಮಾತಾಡಲಿಲ್ಲ. ಏಳನೆಯ ದಿನ ಹತ್ತರಲ್ಲಿ ಒಂದು ಪಾಲು ಮಾರಿದರು, ಒಂಬತ್ತು ಪಾಲು ಉಳಿಸಿಕೊಂಡರು. ಮಾರಿದ ಒಂದು ಪಾಲಿನ ಹಣ ಈಗಲೂ ಉಳಿತಾಯ ಖಾತೆಯಲ್ಲೇ ಇದೆ. ಅದನ್ನು ಯಾವ ಬೆಲೆಗೆ ಮಾರಿದರು ಎಂದು ನಾನು ಕೇಳಿಲ್ಲ. ಅವರಿಗೆ ಅದು ಮರೆತಿರಲಾರದು.